ತಿರುಗಿ ಬಂದ ತಾಟುಗಳು

ಒಲೆಯ ಬೂದಿ ತೆಗೆದೆ. ಬಾವಿಯಿಂದ ನೀರು ತಂದೆ. ಜೋಳದ ಹಿಟ್ಟು ಸಾಣಿಸಿದೆ. ಹೆಸರುಕಾಳು ಬೇಯಲಿಟ್ಟು, ಶೇಂಗಾ ಚಟ್ನಿ ಕುಟ್ಟಿದೆ. ಗಂಡ ತೀರಿಕೊಂಡ ಮೇಲೆ ದಾಂಡೇಲಿಯಲ್ಲಿ ಖಾನಾವಳಿ ಇಟ್ಟ ನನಗೆ ಇವು ದಿನದ ಕೆಲಸಗಳೇ. ಆ ದಿನ ಹೆಚ್ಚಿನದೊಂದಿತ್ತು: ರೊಟ್ಟಿ ಬಡಿಯಲು ಜೋಯಿಡಾ ಕಡೆಯಿಂದ ಬಂದವಳಿಗೆ, "ಅಮಾವಾಸ್ಯೆವರೆಗೆ ನೋಡೂಣು, ನಿನ್ನ ಇಟ್ಕೊಳ್ಳೂದೋ ಬಿಡೂದೋ ಆಮ್ಯಾಲೆ ಹೇಳ್ತೇನಿ" ಎಂದು ಹೇಳುವುದು. ಹೇಳಿದೆ. ಅವಳು ಹಿಟ್ಟು ನಾದುತ್ತಲೇ ತಲೆಯಾಡಿಸಿದಳು.

ಅದು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಊರಿಗೆ ಕೆಲಸ ಹುಡುಕಿ ಜನ ಬರುತ್ತಲೇ ಇದ್ದ ಕಾಲ. ಇವಳು ಮಾತ್ರ ಅಣ್ಣನ ಮನೆಯಲ್ಲಿ ಬೇಡವಾಗಿ ಬಂದವಳು. ನನ್ನ ಅಡುಗೆಮನೆಯಲ್ಲೇ ಮಲಗುತ್ತಿದ್ದಳು. ಈ ಕೆಲಸ ಹೋದರೆ ಮತ್ತೆ ಅಣ್ಣನ ಬಾಗಿಲೇ ಗತಿ. ಅಕ್ಕಿಹಿಟ್ಟಿನ ಭಾಕರಿ ತಟ್ಟಿದ ಕೈ ಅವಳದು. ಜೋಳದ ರೊಟ್ಟಿಯನ್ನೂ ಹಾಗೆಯೇ ಚಿಕ್ಕದಾಗಿ, ದಪ್ಪಗೆ ತಟ್ಟಿಬಿಡುತ್ತಿದ್ದಳು. ಉಣ್ಣುವವರು ನಡುವಿನದು ತಿಂದು ಅಂಚು ಬಿಡುತ್ತಿದ್ದರು. ಕೆಲವರು ಎದುರಿನ ಖಾನಾವಳಿಗೆ ಹೋಗತೊಡಗಿದ್ದರು.

ನನ್ನಲ್ಲಿ ಮೊದಲಿನಿಂದ ರೊಟ್ಟಿ ಬಡಿಯುತ್ತಿದ್ದ, ಇದೇ ಊರಲ್ಲಿ ಒಬ್ಬಳೇ ಮನೆ ಮಾಡಿಕೊಂಡಿದ್ದ ಹಳಿಯಾಳದವಳಿಗೆ ಬಾಯಿ ನಿಲ್ಲುತ್ತಿರಲಿಲ್ಲ.

"ಅಕ್ಕಾರ, ಇವು ರೊಟ್ಟಿ ಅಲ್ರಿ, ಸಗಣಿ ಕುಳ್ಳು. ಒಲಿಗೆ ಹಾಕಿದ್ರ ಕಟಗಿ ಉಳೀತಾವ."

"ತಿರುಗಿ ಬಂದ ತಾಟು ಆಕಿ ಒಮ್ಮೆರ ನೋಡ್ಯಾಳೇನು?" ಎಂದೆ.

ನೋಡಿರಲಿಲ್ಲ. ಒಲೆಗೆ ಮುಖ ಮಾಡಿ ಕೂತವಳಿಗೆ ಜನ ಉಣ್ಣುವ ಪಡಸಾಲೆ ಕಾಣದು. ತಾಟುಗಳು ನೇರ ಹಿತ್ತಲಿಗೆ, ತೊಳೆಯುವಲ್ಲಿಗೆ ಹೋಗುತ್ತಿದ್ದವು. ಅಂದಿನಿಂದ ಅವನ್ನು ಮೊದಲು ಅವಳ ಪಕ್ಕಕ್ಕೆ ತಂದಿಟ್ಟೆ. ಬೈಯಲಿಲ್ಲ.

"ಇವತ್ತ ಅಂಚು ತೆಳ್ಳಗ ಮಾಡೂದು ಅಷ್ಟs ನೋಡು. ಬ್ಯಾರೇದು ಹೆಂಗರ ಆಗ್ಲಿ."

"ರೊಟ್ಟಿ ಹರಿದ್ರ, ಅಕ್ಕಾ?" ಎಂದಳು.

"ಹರೀಲಿ. ಹರಿದದ್ದು ನಾ ತಿಂತೇನಿ."

ಅಂಚು ಹಿಡಿತಕ್ಕೆ ಬಂದ ಮೇಲೆ ಹಿಟ್ಟಿಗೆ ಹಾಕುವ ಬಿಸಿನೀರು. ಅದಾದ ಮೇಲೆ ರೊಟ್ಟಿಯ ಅಗಲ. ದಿನಕ್ಕೊಂದೇ ಮಾತು. ಹಳಿಯಾಳದವಳಿಗೂ ಒಂದು ಕೆಲಸ ಕೊಟ್ಟೆ: "ಬೈಯೂದು ಇದ್ದs ಐತಿ. ಆಕಿ ಚಲೋ ಮಾಡಿದ್ದು ದಿನಾ ಒಂದರ ಹೇಳಬೇಕು."

ಅವಳು ಬಹಳ ಹೊತ್ತು ಹುಡುಕಿದಳು. "ನೀರು ಚಲೋ ಕಾಸ್ಯಾಳ್ರಿ" ಎಂದಳು ಕೊನೆಗೆ. ಜೋಯಿಡಾದವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ನನ್ನ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು.

ರಾತ್ರಿ ನಾವಿಬ್ಬರೇ. ಅವಳ ಕನ್ನಡ ಅಷ್ಟಕ್ಕಷ್ಟೆ, ನನಗೆ ಕೊಂಕಣಿ ಬಾರದು. ಆದರೂ ಅಡುಗೆಮನೆಯಲ್ಲಿ ಯಾರೋ ಹೊರಳಿದ ಸಪ್ಪಳ ಕೇಳಿದರೆ ನನಗೆ ಬೇಗ ನಿದ್ದೆ ಹತ್ತುತ್ತಿತ್ತು.

ಅಮಾವಾಸ್ಯೆಯ ದಿನ ಮರ ಕೊಯ್ಯುವ ಸಾಮಿಲ್ಲಿನ ಆಳುಗಳ ಮುಕಾದಮ ಪಡಸಾಲೆಯಿಂದ ಕೂಗಿದ, "ಅಕ್ಕಾರ, ಈ ರೊಟ್ಟಿ ಯಾರ ಕೈದ್ರಿ? ಇನ್ನೊಂದು ಹಾಕ್ರಿ."

ನಾನು ಒಯ್ಯಲಿಲ್ಲ, ಅವಳನ್ನೇ ಕಳಿಸಿದೆ. ಹಾಕಿ ಬಂದವಳು ಒಲೆಯ ಮುಂದೆ ಕೂರದೆ ನಿಂತೇ ಇದ್ದಳು, ನನ್ನ ಮಾತಿಗೆ ಕಾಯುತ್ತ.

"ಕೂಡು. ಹಂಚು ಕಾದೈತಿ. ಇನ್ನ ಇದು ನಿಂದs ಒಲಿ."

ಸಂಜೆ ಹಳಿಯಾಳದವಳು ಜೋಯಿಡಾದವಳ ಬಟ್ಟೆಗಂಟು ಎತ್ತಿಕೊಂಡಳು. "ಕೆಲಸ ಗಟ್ಟಿ ಆತಲ್ಲ, ಇನ್ನ ಈ ಹೊಗಿಯಾಗ ಯಾಕ ಬೀಳ್ತಿ? ನಮ್ಮ ಮನಿಗೆ ನಡಿ, ತಂಗಿ. ಬೈಯಾಕ ನನಗೂ ಒಬ್ರು ಬೇಕು."

ಅವಳು ನನ್ನ ಮುಖ ನೋಡಿದಳು. ಇರು ಎಂದಿದ್ದರೆ ಇರುತ್ತಿದ್ದಳೇನೋ. "ಹೋಗು" ಎಂದೆ. ಇಬ್ಬರೂ ವಾದ ಮಾಡುತ್ತ ಹೋದರು. ತಿರುವಿನವರೆಗೂ ಅವರ ದನಿ ಕೇಳುತ್ತಿತ್ತು.

ಬೆಳಿಗ್ಗೆ ಬಂದಾಗ, ರಾತ್ರಿ ಏನು ಉಂಡಿರೆಂದು ಕೇಳಿದೆ.

"ಗಂಜಿ ಕುಡುದ್ವಿರಿ," ಎಂದಳು ಹಳಿಯಾಳದವಳು. "ನನ್ನ ಮಾತು ಮುಗಿಯೂದ್ರಾಗ ಈಕಿ ಮಲಗಿಬಿಟ್ಲು."

ನಾನು ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡಿದ್ದೆ. ಅಡುಗೆಮನೆಯಲ್ಲಿ ಹೊರಳುವ ಸಪ್ಪಳವಿರಲಿಲ್ಲ; ಅವರಿಬ್ಬರಿಗಿಂತ ಎಷ್ಟೋ ತಡವಾಗಿ ನನಗೆ ನಿದ್ದೆ ಹತ್ತಿತ್ತು.