ನಾನು ಹೇಳದೆ ಬಿಟ್ಟ ಮೂರನೆಯವರು

ಕಳೆದ ವಾರ ನಮ್ಮ ಆಫೀಸಿಗೆ ಹೊಸ ಜೆರಾಕ್ಸ್ ಮೆಷಿನ್ ಬಂತು. ಅದರಿಂದ ಹೊರಬಂದ ಮೊದಲ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಇನ್ನೂ ಬಿಸಿಯಿತ್ತು. ಇಸ್ತ್ರಿ ಮಾಡಿದ ಬಟ್ಟೆಯಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರಿಗಿದ್ದವರು ಏನು ಹೇಳಿದರೆಂದು ನನಗೆ ಕೇಳಿಸಲೇ ಇಲ್ಲ. ಮನಸ್ಸು ಕುದ್ರೋಳಿಯ ಒಂದು ಸಣ್ಣ ಜೆರಾಕ್ಸ್, ಟೈಪಿಂಗ್ ಅಂಗಡಿಗೆ ಹೋಗಿತ್ತು...

ಆ ಅಂಗಡಿ ನಡೆಸುತ್ತಿದ್ದವರನ್ನು ಬೀದಿಯವರೆಲ್ಲ ಕಾಕ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಬ್ಯಾರಿ ಮನೆಯವರು, ಕರಾವಳಿಯ ಮುಸ್ಲಿಮರು. ಹರೆಯದಲ್ಲಿ ಗಲ್ಫಿಗೆ ಹೋಗಿ, ಹಡಗು ಕಂಪೆನಿಯೊಂದರಲ್ಲಿ ಗುಮಾಸ್ತರಾಗಿದ್ದು ಮರಳಿದ್ದರು. ನಾನಾಗ ಬಿಕಾಂ ಮುಗಿಸಿ ಮನೆಯಲ್ಲಿದ್ದೆ. ಅಪ್ಪನ ಹೋಟೆಲು ಮುಚ್ಚಿತ್ತು. ಒಂದು ಕಾಲಕ್ಕೆ ಗದ್ದೆಯಿದ್ದವರು ಎಂಬ ಜಂಬ ಮಾತ್ರ ಮನೆಯಲ್ಲಿ ಉಳಿದಿತ್ತು. ಐದು ಕಡೆ ಇಂಟರ್‌ವ್ಯೂ ಕೊಟ್ಟಿದ್ದೆ, ಒಂದೂ ಕೈಹಿಡಿದಿರಲಿಲ್ಲ.

ಆರನೆಯ ಅರ್ಜಿಯನ್ನು ಪ್ರತಿ ಮಾಡಿಸಲು ಕೊಟ್ಟಾಗ ಕಾಕ ಅದನ್ನು ನಿಧಾನವಾಗಿ ಓದಿದರು. ಕೇಳದೆ ಓದಿದರಲ್ಲ ಎಂದು ನನಗೆ ಸಿಟ್ಟು ಬಂದಿತ್ತು.

"ಇದರಲ್ಲಿ ನಿನ್ನ ಅಪ್ಪನ ಹೆಸರು ಉಂಟು, ಮನೆ ಉಂಟು, ಮಾರ್ಕು ಉಂಟು. ನಿನಗೆ ಎಂತ ಬರ್ತದೆ ಅಂತ ಎಲ್ಲಿ ಉಂಟು ಮಗಳೇ?"

ನನಗೇ ಗೊತ್ತಿಲ್ಲ ಎಂದೆ. ಅವರು ನಗಲಿಲ್ಲ. ಸ್ಟೂಲು ಎಳೆದುಕೊಟ್ಟು ಕೂರಿಸಿದರು.

"ಒಬ್ಬಳೇ ತಲೆ ಓಡಿಸಿದರೆ ಆಗುವುದಿಲ್ಲ ಮಾರಾಯ್ತಿ. ಕೆಲಸ ಬಲ್ಲವರು ಒಬ್ಬರು ಬೇಕು, ನಿನ್ನನ್ನು ಹೊಗಳದವರು ಒಬ್ಬರು ಬೇಕು. ನಾನು ಎರಡಕ್ಕೂ ಆಗುವುದಿಲ್ಲ. ನನ್ನ ಕೆಲಸ ಹಳತಾಯ್ತು. ಮತ್ತೆ ನಿನ್ನನ್ನು ಕಂಡರೆ ಪಾಪ ಅನ್ನಿಸ್ತದೆ."

ಆ ಇಬ್ಬರನ್ನೂ ಹುಡುಕಿ ಕೊಟ್ಟವರು ಅವರೇ. ಮಣ್ಣಗುಡ್ಡದಲ್ಲಿದ್ದ ನಿವೃತ್ತ ಇಂಗ್ಲಿಷ್ ಟೀಚರ್ ಒಬ್ಬರು. ನನ್ನನ್ನು ಎದುರು ನಿಲ್ಲಿಸಿ ಮಾತಾಡಿಸುತ್ತಿದ್ದರು, ತಪ್ಪಿದಲ್ಲೇ ತಡೆಯುತ್ತಿದ್ದರು. ಇನ್ನೊಬ್ಬರು ಬಂದರಿನ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ ಶಕ್ತಿನಗರದಲ್ಲಿದ್ದ ಅಧಿಕಾರಿ. ಅವರ ಮನೆಗೆ ಒಬ್ಬಳೇ ಹೋಗಲು ನನಗೆ ಅಳುಕು. ಕಾಕ ಮೊದಲ ದಿನ ಅಂಗಡಿ ಮುಚ್ಚಿ, ನನ್ನ ಜೊತೆ ಸಿಟಿ ಬಸ್ಸು ಹತ್ತಿ ಬಂದರು. ಸರಕಿನ ಕಾಗದಪತ್ರ ಹೇಗೆ ನೋಡಬೇಕೆಂದು ಆ ಅಧಿಕಾರಿ ಆರು ತಿಂಗಳು ಕಲಿಸಿದರು. ಹಡಗು ಸರಕಿನ ವ್ಯವಹಾರದ ಕಂಪೆನಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಆ ಕಲಿಕೆಯಿಂದ.

ಕೆಲಸ ಸಿಕ್ಕ ಮೇಲೂ ಸಂಜೆ ಅಂಗಡಿಗೆ ಹೋಗುತ್ತಿದ್ದೆ. ಒಮ್ಮೆ ನಾನು ಮಾಡಿದ ಕೆಲಸವನ್ನು ಮೇಲಿನವರೊಬ್ಬರು ತಮ್ಮದೆಂದು ತೋರಿಸಿದರು. ರಾಜೀನಾಮೆ ಟೈಪ್ ಮಾಡಿ ಕೊಡಿ ಎಂದು ಕಾಕನ ಮುಂದೆ ಅತ್ತೆ. ಅವರು ಟೈಪ್ ಮಾಡಿದರು. ಆದರೆ ಹಾಳೆ ಕೈಗೆ ಕೊಡಲಿಲ್ಲ. "ಇಲ್ಲೇ ಇರಲಿ. ನಾಡಿದ್ದು ಬಂದು ಸೈನ್ ಮಾಡು" ಎಂದರು. ನಾನು ಹೋಗಲಿಲ್ಲ. ಅವರು ಮತ್ತೆಂದೂ ಅದರ ಸುದ್ದಿ ಎತ್ತಲಿಲ್ಲ.

ಎಂಟು ವರ್ಷಕ್ಕೆ ನಾನು ಮ್ಯಾನೇಜರ್ ಆದೆ. ಹೊಸದಾಗಿ ಸೇರಿದ ಹುಡುಗಿಯರಿಗಾಗಿ ಕಂಪೆನಿ ಒಂದು ಸಭೆ ಇಟ್ಟುಕೊಂಡಿತು. ಕೆಲಸದಲ್ಲಿ ಬೆಳೆಯಬೇಕಾದರೆ ಎಂಥವರ ಸಲಹೆ ಬೇಕು ಎಂಬುದರ ಬಗ್ಗೆ ನಾನು ಮಾತಾಡಬೇಕಿತ್ತು. ಟೀಚರಿಗೂ ಅಧಿಕಾರಿಗೂ ಆಮಂತ್ರಣ ಕಳುಹಿಸಿದೆ. ಕಾಕನಿಗೆ ಕಳುಹಿಸಲಿಲ್ಲ. ಅಂಗಡಿ ಬಿಟ್ಟು ಅವರಿಗೆ ಬರಲಾಗದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ ಇತ್ತು. ಸಭೆಯ ಹಾಲ್‌ಗೆ ಹುಡುಗಿಯರ ಮನೆಯವರೂ ಬರುವವರಿದ್ದರು, ಅವರಲ್ಲಿ ನಮ್ಮ ನೆಂಟರು ಕೆಲವರಿದ್ದರು. ಯಾವ ಧರ್ಮದವರು ಯಾವ ಧರ್ಮದವರೊಡನೆ ಮಾತಾಡುತ್ತಾರೆಂದು ಊರು ಕಣ್ಣಿಟ್ಟು ನೋಡುತ್ತಿದ್ದ ಕಾಲ. ಅಂಥ ಕಡೆ ಅವರ ಹೆಸರನ್ನು ಮೈಕಿನಲ್ಲಿ ಹೇಳಲು ನನಗೆ ಹೆದರಿಕೆಯಾಗಿತ್ತು.

ಟೀಚರಿಗೆ ಮಂಡಿನೋವು. ಅವರನ್ನು ರಿಕ್ಷಾದಲ್ಲಿ ಕರೆತಂದವರು ಕಾಕ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕುಳಿತದ್ದನ್ನು ನಾನು ವೇದಿಕೆಯಿಂದಲೇ ಕಂಡೆ. ಆಗಲಾದರೂ ಹೇಳಬಹುದಿತ್ತು.

"ನಾನು ಇಲ್ಲಿ ನಿಂತಿರುವುದು ಇಬ್ಬರಿಂದ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರೂ ತಟ್ಟಿದರು.

ಊಟದ ಹೊತ್ತಿಗೆ ನಮ್ಮ ಡೈರೆಕ್ಟರು ಬಳಿಗೆ ಬಂದು, ಟೀಚರ ಪಕ್ಕದಲ್ಲಿದ್ದ ಕಾಕನನ್ನು ನೋಡಿ, "ಇವರು?" ಎಂದು ನನ್ನನ್ನು ಕೇಳಿದರು. "ಟೀಚರನ್ನು ಕರ್ಕೊಂಡು ಬಂದವರು" ಎಂದುಬಿಟ್ಟೆ. ಆಮೇಲೆ ಕಾಕನೇ ಹೇಳಿದರು, "ಹೌದು ಸಾರ್, ನಾನು ರಿಕ್ಷಾದಲ್ಲಿ ಕರ್ಕೊಂಡು ಬಂದದ್ದು." ನನ್ನ ಸುಳ್ಳಿಗೆ ಅವರೇ ಆಸರೆ ಕೊಟ್ಟರು. ಅವರ ಮುಖದಲ್ಲಿ ಬೇಸರವಿತ್ತೋ ಇಲ್ಲವೋ... ನಾನು ತಟ್ಟೆ ನೋಡುತ್ತಿದ್ದೆ.

ಮರುದಿನ ಟೀಚರ್ ಫೋನ್ ಮಾಡಿದರು. "ನೀನು ಇಬ್ಬರು ಅಂದೆ. ನನಗೆ ಎಣಿಸಲಿಕ್ಕೆ ಬರ್ತದೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಹೋಗಿ ತಪ್ಪಾಯಿತು ಎನ್ನಬೇಕೆಂದು ಪ್ರತಿ ಸೋಮವಾರ ಅಂದುಕೊಳ್ಳುತ್ತಿದ್ದೆ. ಆಫೀಸಿಗೆ ಬೇರೆ ರಸ್ತೆ ಹಿಡಿದೆ. ದಿನ ಕಳೆದಷ್ಟೂ ಆ ಅಂಗಡಿಯ ಮೆಟ್ಟಿಲು ಎತ್ತರವಾಗುತ್ತ ಹೋಯಿತು. ಐದು ತಿಂಗಳಾದ ಮೇಲೆ ಮತ್ತೆ ಟೀಚರ ಫೋನ್ ಬಂತು. ಕಾಕ ಹೃದಯಾಘಾತದಿಂದ ತೀರಿಕೊಂಡು ಮೂರು ದಿನವಾಗಿತ್ತು.

ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಎಂದೂ ಕಂಡವರಲ್ಲ, ಹೆಸರು ಹೇಳಿದೊಡನೆ ಕೈ ಹಿಡಿದು ಒಳಗೆ ಕರೆದರು.

"ನಿಮ್ಮ ವಿಷಯ ಎಲ್ಲರ ಹತ್ರ ಹೇಳ್ತಿದ್ರು. ದೊಡ್ಡ ಸಭೆಯಲ್ಲಿ ಒಂಚೂರು ಹೆದರದೆ ಮಾತಾಡಿದಳು ಅಂತ."

"ಬೇರೆ ಎಂತಾದ್ರೂ ಹೇಳಿದ್ರಾ?"

"ಇಲ್ಲ ಮಗಳೇ. ಬೇರೆ ಎಂತ ಉಂಟು?"

ನಿಜ ಹೇಳಬೇಕೆಂದು ಬಾಯಿ ತೆರೆದೆ. ಗಂಡನ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಿದ್ದ ಆ ಹೆಂಗಸಿಗೆ ಅದನ್ನು ಹೇಳಿ ನಾನು ಹಗುರಾಗುವುದು ಸರಿಯೇ ಎಂದು ಸುಮ್ಮನಾದೆ. ಅದೂ ಹೇಡಿತನವೇ ಇರಬಹುದು.

ಈಗ ಆಫೀಸಿನ ಹುಡುಗಿಯರು ಕೇಳಿದರೆ ಮೂವರು ಎನ್ನುತ್ತೇನೆ. ಹೇಳಿ ಏನು ಬಂತು? ಕೇಳಬೇಕಾದವರು ಅಂದು ಆ ಹಾಲ್‌ನಲ್ಲಿ ಕುಳಿತಿದ್ದರು. ಇಷ್ಟು ಬರೆದೂ ಅವರ ಹೆಸರನ್ನು ನಾನು ಇಲ್ಲಿ ಎಲ್ಲಿಯೂ ಹಾಕಿಲ್ಲ. ಮನೆಯವರನ್ನು ಕೇಳದೆ ಹಾಕಬಾರದು ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಅದು ನಿಜವಾಗಿ ಮರ್ಯಾದೆಯೋ, ಇಲ್ಲ ಅಂದಿನ ಆ ಹೆದರಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲವೋ... ನನಗೆ ಗೊತ್ತಿಲ್ಲ.