ಡಾಲಿ ಸಿಸ್ಟರ್ ನಿದ್ದೆ ಹೋದ ಗಂಟೆ

ಡಾಲಿ ಸಿಸ್ಟರ್ ಸುಮ್ಮನೆ ಕೂತದ್ದನ್ನು ಕಂಡವರು ಮಂಗಳೂರಿನ ಜೆಪ್ಪುವಿನಲ್ಲಿ ಕಡಿಮೆ. ಬೆಳಿಗ್ಗೆ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ನರ್ಸ್, ಆಮೇಲೆ ಮನೆ, ಸಂಜೆ ಚರ್ಚು, ಅಲ್ಲಿಯವರ ಮಾತಿನಲ್ಲಿ ಇಗರ್ಜಿ. ತನ್ನ ಕೇರಿಯ ಕ್ರೈಸ್ತ ಮನೆಗಳಿಗೆಲ್ಲ ಅವಳೇ ಗುರ್ಕಾರ್ನ್, ಅಂದರೆ ಇಗರ್ಜಿಯ ಪರವಾಗಿ ಆ ಮನೆಗಳನ್ನು ನೋಡಿಕೊಳ್ಳುವ ಮುಖ್ಯಸ್ಥೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮದುವೆ ಎಂದು ಪಾದ್ರಿಗಳಿಗೆ ತಿಳಿಸುವವಳೂ ಅವಳೇ, ಯಾರೂ ಒಪ್ಪದ ಕೆಲಸಕ್ಕೆ ಹೆಗಲು ಕೊಡುವವಳೂ ಅವಳೇ. ಇಂಥವರನ್ನು ನಾವೆಲ್ಲ ಬಾಯಿ ತುಂಬ ಹೊಗಳುತ್ತೇವೆ. ಹೊಗಳಿದ ಮೇಲೆ ಇನ್ನೊಂದು ಕೆಲಸ ಹೇರುತ್ತೇವೆ.

ತಿಂಗಳ ಮೊದಲ ಶುಕ್ರವಾರದ ಆರಾಧನೆಯೂ ಹಾಗೆಯೇ ಅವಳ ತಲೆಗೆ ಬಂದದ್ದು. ಆ ದಿನ ಪೀಠದ ಮೇಲೆ ಬಂಗಾರದ ಬಣ್ಣದ ಪಾತ್ರೆಯಲ್ಲಿ ಪರಮ ಪ್ರಸಾದವನ್ನು ಇಡುತ್ತಾರೆ. ಕಥೋಲಿಕರಿಗೆ ಅದು ಬರೀ ರೊಟ್ಟಿಯಲ್ಲ, ಸಾಕ್ಷಾತ್ ಯೇಸುವೇ. ಹಾಗೆ ಇಟ್ಟ ಮೇಲೆ ಎದುರಿಗೆ ಯಾರಾದರೊಬ್ಬರು ಇರಲೇಬೇಕು, ಒಂಟಿಯಾಗಿ ಬಿಡುವಂತಿಲ್ಲ. ಅದಕ್ಕೆ ಗಂಟೆಗೊಬ್ಬರ ಪಾಳಿ. ಮಧ್ಯಾಹ್ನ ಎರಡರ ಪಾಳಿ ಮಾತ್ರ ಯಾರಿಗೂ ಬೇಡ. ಮೀನು ಸಾರಿನ ಊಟವಾದ ಮೇಲೆ ದೇವರಿಗಿಂತ ದಿಂಬು ಹತ್ತಿರ. ಮನೆ ಮನೆಯಲ್ಲಿ ಕೇಳಿ ಸಾಕಾಗಿ ಡಾಲಿ ಆ ಗಂಟೆಯನ್ನು ತನಗೇ ಇಟ್ಟುಕೊಂಡಿದ್ದಳು.

ಮಾರ್ಚ್ ತಿಂಗಳ ಆ ಶುಕ್ರವಾರ ಅವಳು ಇಗರ್ಜಿಗೆ ಬಂದಾಗ ಮನಸ್ಸು ಭಾರವಾಗಿತ್ತು. ಅದಕ್ಕೆ ಕಾರಣ ಬಿಜೈಯ ಚಿತ್ತರಂಜನ ಶೆಟ್ಟರು. ಹೋಟೆಲು ನಡೆಸಿ ಊರಿಗೆಲ್ಲ ನೀರು, ಚಹಾ ಕೊಟ್ಟ ಮನುಷ್ಯ. ಈಗ ಕಿಡ್ನಿ ಕೈಕೊಟ್ಟು ತಾನು ನೀರನ್ನು ಅಳೆದು ಕುಡಿಯಬೇಕು. ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ. ಬುಧವಾರ ಅವರು ಮತ್ತೆ ನೀರು ಹೆಚ್ಚು ಕುಡಿದು, ಕಾಲು ಊದಿಸಿಕೊಂಡು ಡಯಾಲಿಸಿಸ್‌ಗೆ ಬಂದಿದ್ದರು. ಎರಡು ಪಾಳಿ ಒಟ್ಟಿಗೆ ಮಾಡಿ ಕಣ್ಣು ಉರಿಯುತ್ತಿದ್ದ ಡಾಲಿಯ ನಾಲಿಗೆ ಹತೋಟಿ ತಪ್ಪಿತು.

"ಬದುಕುವ ಆಸೆ ಇಲ್ಲದಿದ್ರೆ ಆ ಮಂಚ ಬೇರೆಯವರಿಗೆ ಬಿಡಿ. ಕಾಯುವವರು ಬೇಕಾದಷ್ಟು ಜನ ಇದ್ದಾರೆ."

ಎಲ್ಲರ ಎದುರು ಅಂದುಬಿಟ್ಟಳು. ಶೆಟ್ಟರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಶುಕ್ರವಾರ ಬೆಳಿಗ್ಗೆ ಅವರ ಮಂಚ ಖಾಲಿ ಇತ್ತು. ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಡಯಾಲಿಸಿಸ್ ತಪ್ಪಿದರೆ ಏನಾಗುತ್ತದೆಂದು ಡಾಲಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪೀಠದ ಎದುರು ಮೊಣಕಾಲೂರಿದಳು. ಪ್ರಾರ್ಥನೆಗೆ ಮಾತೇ ಹುಟ್ಟಲಿಲ್ಲ. ಒಂದು ಕಾಲದಲ್ಲಿ ರೋಗಿ ನರಳಿದರೆ ತನಗೂ ಅಳು ಬರುತ್ತಿತ್ತು. ಆ ಡಾಲಿ ಎಲ್ಲಿ ಹೋದಳೋ ಅವಳಿಗೇ ತಿಳಿಯದು. ಇಷ್ಟೆಲ್ಲ ಓಡಾಡಿದ್ದು ಯಾರಿಗಾಗಿ ಎಂದು ಕೇಳಿಕೊಳ್ಳುತ್ತಲೇ ಬೆಂಚಿಗೆ ಒರಗಿದಳು. ಮೇಲೆ ಫ್ಯಾನು ತಿರುಗುತ್ತಿತ್ತು. ರೆಪ್ಪೆ ಯಾವಾಗ ಮುಚ್ಚಿತೋ ಗೊತ್ತಾಗಲಿಲ್ಲ.

ಎಚ್ಚರವಾದಾಗ ಮೂರು ಗಂಟೆ ಹತ್ತಿರವಾಗಿತ್ತು. ಯೇಸು ಹಿಡಿದುಕೊಡಲ್ಪಟ್ಟ ರಾತ್ರಿ ಶಿಷ್ಯರು ತೋಟದಲ್ಲಿ ಗೊರಕೆ ಹೊಡೆದ ಕಥೆಯನ್ನು ಭಾನುವಾರದ ಧರ್ಮಪಾಠದ ಮಕ್ಕಳಿಗೆ ಹೇಳಿ, ಎಂಥ ಸೋಮಾರಿಗಳು ನೋಡಿ ಎಂದು ನಗಿಸಿದವಳು ಅವಳು. ಈಗ ದೇವರನ್ನು ಒಂಟಿಯಾಗಿ ಬಿಟ್ಟು ತಾನೇ ಮಲಗಿದ್ದಳು.

ಆಗ ಕಂಡದ್ದು ಎರಡು ಬರಿಗಾಲು. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಬಂದಿದ್ದ ಹೆಂಗಸೊಬ್ಬಳು ಪಕ್ಕದ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದಳು. ಹಣೆಯಲ್ಲಿ ಕುಂಕುಮ, ಕೈ ಜೋಡಿಸಿದೆ, ಕಣ್ಣು ಪೀಠದ ಮೇಲೆ ನೆಟ್ಟಿದೆ. ಚಿತ್ತರಂಜನ ಶೆಟ್ಟರ ಹೆಂಡತಿ ಶಶಿಪ್ರಭಾ.

"ನೀವೇ ಒಮ್ಮೆ ಹೇಳಿದ್ದಲ್ವಾ ಸಿಸ್ಟರ್, ಇಲ್ಲಿ ಇವರನ್ನು ಒಬ್ಬರೇ ಬಿಡ್ಲಿಕ್ಕಿಲ್ಲ ಅಂತ," ಎಂದು ಆಕೆ ಮೆಲ್ಲಗೆ ಹೇಳಿದರು. "ನೀವು ಮಲಗಿದ್ರಿ. ಹಾಗೆ ನಾನು ಕೂತೆ."

"ನನ್ನನ್ನು ಎಬ್ಬಿಸಬಹುದಿತ್ತಲ್ಲ ಅಕ್ಕ."

"ನಿಮಗೆ ಬೈಯಲಿಕ್ಕೆ ಬಂದದ್ದು ನಾನು. ನಿಮ್ಮ ಮಾತು ಕೇಳಿದ ಮೇಲೆ ಅವರು ಡಯಾಲಿಸಿಸ್ ಬೇಡ ಅಂತ ಕೂತಿದ್ದಾರೆ. ಆದ್ರೆ ಎಂತ ಸುಸ್ತು ನಿಮ್ಮ ಮುಖದಲ್ಲಿ! ಮನಸ್ಸು ಬರ್ಲಿಲ್ಲ."

ಡಾಲಿ ಅವರನ್ನೇ ನೋಡಿದಳು. ಗಂಡ ಸಾಯಲು ಹೊರಟು ಕೂತಿದ್ದಾನೆ. ಆ ಮಾತು ಆಡಿದವಳು ಎದುರಿಗೇ ಮಲಗಿದ್ದಾಳೆ. ಈ ಹೆಂಗಸು ಅವಳ ನಿದ್ದೆಯನ್ನೂ ಕಾದಿದ್ದಾರೆ, ಅವಳ ದೇವರನ್ನೂ ಕಾದಿದ್ದಾರೆ. ಇಷ್ಟು ವರ್ಷ ತಾನು ಕಾಯದಿದ್ದರೆ ಯಾವುದೂ ನಡೆಯದು ಎಂದುಕೊಂಡಿದ್ದ ಡಾಲಿ ಪೀಠದ ಕಡೆ ನೋಡಿದಳು. ಬಳಲಿದವರನ್ನು ತನ್ನ ಬಳಿಗೆ ಕರೆದವನು ಅಲ್ಲಿದ್ದ. ಹಾಗೆ ಬಂದವರನ್ನು ಬೈಯದೆ ಮಲಗಿಸುತ್ತಾನೆಂದು ಅವಳಿಗೆ ಇವತ್ತೇ ಗೊತ್ತಾದದ್ದು. ಅವಳು ಅಲ್ಲೇ ಕೂತು ಅತ್ತಳು.

ಮೂರರ ಪಾಳಿಗೆ ಇಸಿದೋರ್ ಎಂಬ ಹಿರಿಯರು ಬಂದರು. ಕುಂಕುಮದ ಹೆಂಗಸು ಪರಮ ಪ್ರಸಾದಕ್ಕೆ ಕಾವಲು ಕೂತದ್ದನ್ನು ಕಂಡು ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ ಮೊಣಕಾಲೂರಿದರು.

ಡಾಲಿ ಶಶಿಪ್ರಭಾರ ಜೊತೆ ನೇರ ಬಿಜೈಗೆ ಹೋದಳು. ಶೆಟ್ಟರು ಹಾಸಿಗೆಯಲ್ಲಿ ಏದುಸಿರು ಬಿಡುತ್ತಿದ್ದರು. ಕ್ಷಮೆ ಕೇಳಿದಳು. ಆಮೇಲೆ, ಇಷ್ಟು ದಿನ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಕೇಳಿದಳು.

"ಬಾಯಾರಿಕೆ ತುಂಬಾ ಆಗ್ತದಾ ಅಣ್ಣ?"

ಶೆಟ್ಟರ ಕಣ್ಣು ತುಂಬಿತು. ಪಕ್ಕದ ಮನೆಯ ನಲ್ಲಿಯ ಸದ್ದು ಕೇಳಿದರೂ ಗಂಟಲು ಉರಿಯುತ್ತದೆ, ಕನಸಿನಲ್ಲೂ ನೀರೇ ಬರುತ್ತದೆ ಎಂದರು. ಅವಳು ಗಡಿಯಾರ ನೋಡದೆ ಎಲ್ಲವನ್ನೂ ಕೇಳಿದಳು. ಶಿಲುಬೆಯ ಮೇಲಿದ್ದವನೂ ಬಾಯಾರಿದ್ದ ಎಂಬುದು ಅವಳಿಗೆ ನೆನಪಾಯಿತು. ಫ್ರಿಜ್ಜಿನಿಂದ ಐಸಿನ ಸಣ್ಣ ಚೂರು ತಂದು, ಇದನ್ನು ನಿಧಾನ ಚೀಪಿ ಎಂದು ಅವರ ನಾಲಿಗೆಯ ಮೇಲಿಟ್ಟಳು.

"ಮಂಚ ಬೇರೆಯವರಿಗೆ ಕೊಟ್ರಾ?" ಎಂದರು ಶೆಟ್ಟರು.

"ಇಲ್ಲ. ನಿಮ್ಮದೇ ಉಂಟು. ಬನ್ನಿ."

ಸಂಜೆಯ ಪಾಳಿಯಲ್ಲಿ ಒಂದು ಯಂತ್ರ ಖಾಲಿ ಸಿಕ್ಕಿತು. ಶೆಟ್ಟರ ಉಸಿರು ಹದಕ್ಕೆ ಬಂದು ಕಣ್ಣು ಹತ್ತುತ್ತಿದ್ದಂತೆ ಕೆಳಗೆ ಸ್ಟೂಲಿನ ಮೇಲಿದ್ದ ಶಶಿಪ್ರಭಾ ಮಂಚಕ್ಕೆ ತಲೆಯಾನಿಸಿ ನಿದ್ದೆ ಹೋದರು. ಡಾಲಿ ಪಕ್ಕದಲ್ಲಿ ಕುರ್ಚಿ ಎಳೆದು ಕೂತಳು. ಅವಳಿಗೆ ಸ್ವಲ್ಪವೂ ಸುಸ್ತು ಅನಿಸಲಿಲ್ಲ. ಕೆಲಸಕ್ಕೆ ಬಂದ ಗ್ರೀಷ್ಮಾ ಎಂಬ ನರ್ಸ್, ನಿಮ್ಮ ಡ್ಯೂಟಿ ಬೆಳಿಗ್ಗೆಯೇ ಮುಗಿದಿತ್ತಲ್ಲ, ಇನ್ನೂ ಯಾಕೆ ಕೂತಿದ್ದೀರಿ ಎಂದು ಕೇಳಿದಳು.

ಡಾಲಿ ತುಟಿಗೆ ಬೆರಳಿಟ್ಟು, ಮಲಗಿದ ಇಬ್ಬರನ್ನೂ ತೋರಿಸಿದಳು.

"ಮೆಲ್ಲಗೆ ಮಾತಾಡು ಮಾರಾಯ್ತಿ," ಎಂದಳು. "ಮಧ್ಯಾಹ್ನದ ಪಾಳಿಯ ಒಂದು ಗಂಟೆ ಕಾವಲು ನನಗೆ ಬಾಕಿ ಉಂಟು."