ದೊಡ್ಡವ್ವನ ಅಟ್ಟ

ಕೈಗೆ ಏನೇ ಕೊಡಿ, ನಮ್ಮ ದೊಡ್ಡವ್ವ ಅದನ್ನು ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಬೆಂಕಿಪೊಟ್ಟಣ, ಮಾತ್ರೆ ಡಬ್ಬಿ, ಮದುವೆ ಮನೆಯ ಉಡುಗೊರೆ, ಯಾವುದನ್ನೂ ಬಿಟ್ಟವಳಲ್ಲ. ಮೊದಲ ಸಂಬಳದಲ್ಲಿ ಕೊಂಡ ಮೊಬೈಲನ್ನು ನಾನು ಆಸೆಯಿಂದ ತೋರಿಸಿದರೆ ಅದನ್ನೂ ಕುಲುಕಿ ನೋಡಿ, "ಒಳಗೇನೂ ಇಲ್ಲ ಕಣೇ, ಚೆನ್ನಾಗಿ ಟೋಪಿ ಹಾಕವ್ರೆ ನಿಂಗೆ" ಎಂದು ವಾಪಸು ಕೊಟ್ಟಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ತಪ್ಪು ಅವಳದಲ್ಲ, ಕೊಬ್ಬರಿಯದು. ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ನೀರು ಇಂಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಗ ಉಂಡೆ ಕೊಬ್ಬರಿ ತಯಾರು. ಗುಳುಗುಳು ಎಂದರೆ ಇನ್ನೂ ನೀರಿದೆ, ಮತ್ತೆ ಅಟ್ಟಕ್ಕೆ. ಹಾಲ್ಕುರಿಕೆ ಕಡೆಯಿಂದ ಎಳೇ ವಯಸ್ಸಿಗೇ ಸೊಸೆಯಾಗಿ ಬಂದ ದೊಡ್ಡವ್ವ ಜೀವಮಾನವಿಡೀ ಆ ಸದ್ದು ಕೇಳಿದವಳು. ಮನುಷ್ಯರನ್ನೂ ಹಾಗೇ ನೋಡುತ್ತಿದ್ದಳು. ಯಾರಾದರೂ ಕೂಗಾಡಿದರೆ, "ಇನ್ನೂ ನೀರೈತೆ ಬುಡು, ಇಂಗ್ಲಿ" ಎಂದು ಎದ್ದು ಹೋಗುತ್ತಿದ್ದಳು.

ಬಾಣಂತಿಗೆ ನೀರು ಹುಯ್ಯಲು, ಸಾವಿನ ಮನೆಗೆ ಅಡುಗೆ ಮಾಡಿ ಕಳಿಸಲು, ಗಂಡಹೆಂಡಿರ ಜಗಳ ಬಿಡಿಸಲು ಊರಿಗೆಲ್ಲ ಅವಳೇ ಬೇಕು. ಮನೆಯಲ್ಲೂ ಅಷ್ಟೇ. ನನ್ನ ಅಪ್ಪ ತಾಯಿಯಿಲ್ಲದ ಹುಡುಗ. ಅತ್ತಿಗೆಯಾಗಿ ಬಂದವಳು ಅವನಿಗೆ ತುತ್ತಿಟ್ಟು, ತಲೆಗೆ ಎಣ್ಣೆ ಹಚ್ಚಿ ಸಾಕಿದಳು. ತನ್ನ ಒಬ್ಬಳೇ ಮಗಳು ಆಮೇಲೆ ಹುಟ್ಟಿದ್ದು.

ಅಂಥ ಮನೆಯಲ್ಲಿ ಅಪ್ಪನಿಗೂ ದೊಡ್ಡಪ್ಪನಿಗೂ ಬೋರ್‌ವೆಲ್ ನೀರಿನ ಸರದಿಗೆ ಜಗಳ ಬಿತ್ತು. ಬೈಗುಳ ಹೆಚ್ಚಿ ಮನೆ ಪಾಲಾಯಿತು. ನಡುಮನೆಯ ಮಧ್ಯೆ ಗೋಡೆ ಎದ್ದಿತು. ಗಾರೆಯವನು ತಲೆಯೆತ್ತಿ, "ಅಟ್ಟದ ತಂಕ ಎತ್ಲಾ ಗೌಡ್ರೆ?" ಎಂದು ಕೇಳಿದ್ದೇ ತಡ, ದೊಡ್ಡವ್ವ ಸೆರಗು ಬಿಗಿದು ಏಣಿ ಹತ್ತಿ ಅಟ್ಟದಲ್ಲಿ ಕೂತುಬಿಟ್ಟಳು.

"ಕೆಳಗಿಳಿ ಅತ್ಗೆ, ಜನ ನೋಡ್ತಾವ್ರೆ" ಎಂದ ಅಪ್ಪ.

"ನೋಡ್ಲಿ. ಕೆಳಗೆ ನೀವು ಗಂಡಸ್ರು ಏನಾರಾ ಕಡ್ಕಳ್ಳಿ. ಅರ್ಧ ಒಣಗಿರೋ ಕಾಯಿ ಎತ್ತಿ ಹಾಕುದ್ರೆ ಕೆಟ್ಟೋಯ್ತವೆ. ಇಬ್ರ ಕಾಯೂ ಇಲ್ಲೇ ಒಣಗ್ಲಿ, ಇಳ್ಸೋ ದಿನ ಇಬ್ರೂ ಬಂದು ಹಂಚ್ಕಳ್ಳಿ. ಇಲ್ಲ, ಗೋಡೆ ಎತ್ತಲೇಬೇಕು ಅಂದ್ರೆ ನನ್ನೂ ಸೇರ್ಸಿ ಕಟ್ಟು ಅನ್ನು ಗಾರೆಯವ್ನಿಗೆ."

ಕಾಯಿ ಕೆಡುವುದು ನಿಜವೋ, ಅವಳು ಕಟ್ಟಿದ ಕತೆಯೋ, ದೇವರಿಗೇ ಗೊತ್ತು. ಗೋಡೆ ಅಟ್ಟದ ಕೆಳಗೇ ನಿಂತಿತು. ಮುಂದಿನ ವರ್ಷ ಅಟ್ಟದ ಪಾಲಿನ ಮಾತೆತ್ತುವಷ್ಟರಲ್ಲಿ ಅವಳು ಹೊಸ ಕಾಯಿ ಹಾಕಿಸಿಯಾಗಿತ್ತು. ಆಮೇಲೂ ಅಷ್ಟೇ. ಹಳೆಯದು ಇಳಿಯುವ ಮೊದಲೇ ಹೊಸದು ಏರುತ್ತಿತ್ತು, ಅಟ್ಟ ಬರಿದಾಗಲು ಅವಳು ಬಿಡಲೇ ಇಲ್ಲ.

ಕಾಯಿ ಇಳಿಸುವ ದಿನ ನಮಗೆ ಮಕ್ಕಳಿಗೆ ನಾಟಕ ನೋಡಿದಷ್ಟು ಖುಷಿ. ಅಪ್ಪ ಅಟ್ಟದ ಮೇಲೆ, ದೊಡ್ಡಪ್ಪ ಬುಟ್ಟಿಯ ಜೊತೆ ಏಣಿಯ ಬುಡದಲ್ಲಿ, ನಡುವೆ ದೊಡ್ಡವ್ವ. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಮಾತಾಡುವ ಹಾಗಿಲ್ಲ.

"ಮಂಕರಿ ಹಿಡೀಬೇಕು ಅಂತ ಹೇಳತ್ಗೆ."

"ಹಿಡ್ದಿವ್ನಿ ಅಂತ ಹೇಳೇ ಅವ್ನಿಗೆ."

"ನಾನೇನು ಟೆಲಿಫೋನ್ ಕಂಬವಾ? ಬಾಯಿಲ್ವಾ ನಿಮಗೆ?" ಎಂದು ಇಬ್ಬರಿಗೂ ಬೈದು, ಆದರೂ ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ದಾಟಿಸುತ್ತಿದ್ದಳು. ನಾನು ತುರುವೇಕೆರೆಗೆ ಮದುವೆಯಾಗಿ ಹೋದ ಮೇಲೂ ಆ ದಿನಕ್ಕೆ ತಪ್ಪದೆ ಬರುತ್ತಿದ್ದೆ. ಇಬ್ಬರ ತಲೆ ಬೆಳ್ಳಗಾದರೂ ಮಾತು ಮಾತ್ರ ಹುಟ್ಟಲಿಲ್ಲ. ಅದೊಂದೇ ಅವಳ ಕೊರಗು. "ನಾನು ಕಣ್ಮುಚ್ಚೋದ್ರೊಳ್ಗೆ ನಿಮ್ಮಪ್ಪ ಒಂದ್ಸಲ ಅಣ್ಣಾ ಅಂತಾನೋ ಇಲ್ವೋ ಕಣೇ" ಎಂದು ನನ್ನೆದುರು ಕಣ್ಣೊರೆಸಿಕೊಂಡಿದ್ದಳು.

ಕೊನೆಯ ಸಲ ನೋಡಿದಾಗ ಅವಳಿಗೆ ಏಣಿ ಹತ್ತುವ ಶಕ್ತಿ ಇರಲಿಲ್ಲ. ಎಳನೀರಿನ ಲಾರಿಯವರು ತೋಟಕ್ಕೇ ಬಂದು ಕೇಳುತ್ತಿದ್ದರು, ಇನ್ನು ಅಟ್ಟದ ಗೋಜೇ ಬೇಡ ಎಂದು ಎರಡೂ ಮನೆಯವರು ಲೆಕ್ಕ ಹಾಕಿದ್ದರು. ಅವಳು ಏಣಿಯ ಬುಡದಲ್ಲಿ ಕಂಬಳಿ ಹಾಸಿಸಿಕೊಂಡು ಕೂತು, ಎರಡೂ ತೋಟದ ಕಾಯಿ ಒಂದೇ ರಾಶಿ ಮಾಡಿಸಿ ಮೇಲೆ ಹಾಕಿಸಿದಳು.

"ಒಂದು ವರ್ಷ ಕಾಯ್ಬೇಕಲ್ಲತ್ಗೆ. ಮೊದ್ಲು ನೀನು ಸುಧಾರಿಸ್ಕೊ" ಎಂದ ಅಪ್ಪ.

"ನಾನಿಲ್ದಿದ್ರೂ ಕಾಯಿ ಒಣಗ್ತವೆ ಕಣಪ್ಪ. ಇಳ್ಸಕ್ಕೆ ನೀವಿಬ್ರೂ ಇರ್ಬೇಕು, ಅಷ್ಟೆ."

ದೀಪಾವಳಿಗೆ ಮೊದಲೇ ಹೋಗಿಬಿಟ್ಟಳು. ಅಪ್ಪ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಆದರೂ ಅಣ್ಣನ ಪಕ್ಕ ಹೋಗಿ ಕೂರಲಿಲ್ಲ.

ಮೊನ್ನೆ ಆ ಕಾಯಿ ಇಳಿಸಿದೆವು. ಅಪ್ಪ ನಡುಗುವ ಕಾಲಲ್ಲೇ ಅಟ್ಟ ಹತ್ತಿದ, ಬೇಡವೆಂದರೆ ಕೇಳಲಿಲ್ಲ. ದೊಡ್ಡಪ್ಪ ಮಂಕರಿ ಹಿಡಿದು ಕೆಳಗೆ ನಿಂತ. ಮಾತು ದಾಟಿಸುವವರಿಲ್ಲ. ನಾನು ಬಾಯಿ ಹಾಕಲು ಹೋದವಳು ತಡೆದುಕೊಂಡೆ. ಅಪ್ಪ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಲೊಡಲೊಡ. ಬಗ್ಗಿ ಕೈ ಚಾಚಿದ.

"ಅಣ್ಣಾ, ಹಿಡ್ಕೊ."

ದೊಡ್ಡಪ್ಪ ಕಾಯಿ ತೆಗೆದುಕೊಂಡ. ಅದನ್ನು ಮಂಕರಿಗೆ ಹಾಕಲಿಲ್ಲ, ಅವನೂ ಕಿವಿಗೆ ಹಿಡಿದ. ಆಮೇಲೆ ಮೇಲೆ ನೋಡದೆ, "ಮೆಲ್ಲಗೆ ಕೊಡು ಕಣ್ಲಾ" ಎಂದ. "ಬಿದ್ದುಗಿದ್ದೀಯ, ಅವ್ಳು ಬೈತಾಳೆ."